ಮಲೇರಿಯಾ ಚಿಕಿತ್ಸೆ ವೇಳೆ ಶುಗರ್ ಏಕೆ ಕುಸಿಯುತ್ತದೆ? ಮಧುಮೇಹಿಗಳು, ಗರ್ಭಿಣಿಯರು, ಮಕ್ಕಳ ಪೋಷಕರು ತಿಳಿದಿರಬೇಕಾದ ಸಂಗತಿಗಳು

ಮಳೆಗಾಲ ಬಂತೆಂದರೆ ಮುಂಬೈ, ಚೆನ್ನೈ, ಮಂಗಳೂರಿನಂತಹ ನಗರಗಳಲ್ಲಿ ಮಲೇರಿಯಾದ ಮಾತು ಶುರುವಾಗುತ್ತದೆ. ಮೊದಲು ಚಳಿ, ನಂತರ ಸುಡುವ ಜ್ವರ, ಕೊನೆಗೆ ಮೈಯೆಲ್ಲ ಬೆವರು. ಇದು ಮಲೇರಿಯಾ ಜ್ವರದ ಪರಿಚಿತ ಕ್ರಮ. ಹೀಗಾಗಿ ಔಷಧ ಶುರುವಾದ ಮೇಲೆ ರೋಗಿ ಬೆವರಿದರೆ ಮನೆಯವರಿಗೆ ಸಮಾಧಾನ. 'ಜ್ವರ ಬಿಡ್ತಾ ಇದೆ, ಮಲಗಲಿ ಬಿಡಿ' ಎನ್ನುತ್ತೇವೆ.

ಆದರೆ ಆ ಬೆವರು ಪ್ರತಿ ಸಲವೂ ಜ್ವರ ಇಳಿದ ಗುರುತಾಗಿರುವುದಿಲ್ಲ. ರಕ್ತದಲ್ಲಿನ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಕುಸಿದಾಗಲೂ ಮೈ ಹೀಗೆಯೇ ತಣ್ಣಗೆ ಬೆವರುತ್ತದೆ. ರೋಗಿ ಮಂಕಾಗುತ್ತಾರೆ, ನಿದ್ದೆಗೆ ಜಾರಿದಂತೆ ಕಾಣುತ್ತಾರೆ. ಅದು ನಿದ್ದೆಯಲ್ಲ, ಪ್ರಜ್ಞೆ ತಪ್ಪುತ್ತಿರುವ ಸೂಚನೆಯಾಗಿರಬಹುದು. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಹೀಗಾಗುತ್ತದೆ. ಬೆರಳ ತುದಿಯ ಒಂದು ಹನಿ ರಕ್ತದಿಂದ ಪತ್ತೆಯಾಗುವ ಈ ತೊಂದರೆಯನ್ನು ಗಮನಿಸದೇ ಬಿಟ್ಟರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು, ಪ್ರಾಣಕ್ಕೂ ಕುತ್ತು ಬರಬಹುದು.

ಮಲೇರಿಯಾದಲ್ಲಿ ಸಕ್ಕರೆ ಅಂಶ ಏಕೆ ಏರುಪೇರಾಗುತ್ತದೆ? ಯಾವ ಔಷಧದ ಪಾತ್ರ ಎಷ್ಟು? ಮನೆಯಲ್ಲಿ ಏನು ಮಾಡಬೇಕು? ಇಲ್ಲಿದೆ ವಿವರ.

ಶುಗರ್ 'ಲೋ' ಎಂದರೆ ಎಷ್ಟು?

ರಕ್ತದಲ್ಲಿ ಸಕ್ಕರೆ ಕಡಿಮೆಯಾಗುವುದನ್ನು ವೈದ್ಯರು ಹೈಪೊಗ್ಲೈಸೀಮಿಯಾ ಎನ್ನುತ್ತಾರೆ. ಇದರಲ್ಲಿ ಮೂರು ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು.

* 70: ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಎಚ್ಚರಿಕೆಯ ಗಂಟೆ. ಏನಾದರೂ ಸಿಹಿ ತೆಗೆದುಕೊಳ್ಳಬೇಕು.
* 54: ಇದಕ್ಕಿಂತ ಕೆಳಗಿಳಿದರೆ ಮೆದುಳಿನ ಕೆಲಸಕ್ಕೇ ತೊಡಕು. ಮಲೇರಿಯಾ ಇರುವ 5 ವರ್ಷದೊಳಗಿನ ಮಕ್ಕಳಲ್ಲಿ ಸಕ್ಕರೆ ಇದಕ್ಕಿಂತ ಕಡಿಮೆಯಿದ್ದರೆ ಚಿಕಿತ್ಸೆ ಕೊಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.
* 40: ಮಲೇರಿಯಾ ರೋಗಿಯಲ್ಲಿ ಸಕ್ಕರೆ ಇದಕ್ಕಿಂತ ಕೆಳಗಿಳಿದರೆ ಅದನ್ನು 'ತೀವ್ರ ಮಲೇರಿಯಾ' ಎಂದೇ ಪರಿಗಣಿಸಲಾಗುತ್ತದೆ. ಅಂದರೆ ಮನೆಯಲ್ಲಿ ಮಾತ್ರೆ ನುಂಗಿಕೊಂಡು ಇರುವ ಹಂತ ಮುಗಿಯಿತು, ಆಸ್ಪತ್ರೆಗೆ ದಾಖಲಾಗಲೇಬೇಕು.

ಔಷಧಕ್ಕೂ ಮೊದಲೇ ಸಕ್ಕರೆ ಇಳಿಯುವುದೇಕೆ?

ಎಲ್ಲ ತಪ್ಪನ್ನೂ ಔಷಧದ ಮೇಲೆ ಹೊರಿಸುವಂತಿಲ್ಲ. ಮಲೇರಿಯಾ ರೋಗವೇ ಸಕ್ಕರೆಯನ್ನು ಕರಗಿಸುತ್ತದೆ. ಇದಕ್ಕೆ ಹಲವು ಕಾರಣಗಳಿವೆ.

ಮೊದಲನೆಯದು, ರೋಗಾಣುವಿನ ಹಸಿವು. ಮಲೇರಿಯಾ ತರುವ ಪ್ಲಾಸ್ಮೋಡಿಯಂ ರೋಗಾಣು ಕೆಂಪು ರಕ್ತಕಣದೊಳಗೆ ಸೇರಿಕೊಂಡು ಬೆಳೆಯುತ್ತದೆ. ಅದಕ್ಕೆ ಶಕ್ತಿ ಕೂಡಿಟ್ಟುಕೊಳ್ಳುವ ವ್ಯವಸ್ಥೆ ಇಲ್ಲ. ಹಾಗಾಗಿ ರಕ್ತದಲ್ಲಿರುವ ಗ್ಲೂಕೋಸನ್ನೇ ಸತತವಾಗಿ ಹೀರುತ್ತದೆ. ರೋಗಾಣು ಹೊಕ್ಕ ರಕ್ತಕಣ ಆರೋಗ್ಯವಂತ ರಕ್ತಕಣಕ್ಕಿಂತ ಹತ್ತಾರು ಪಟ್ಟು ಹೆಚ್ಚು ಗ್ಲೂಕೋಸ್ ಬಳಸುತ್ತದೆ. ಅದರ ಕಸವಾಗಿ ಲ್ಯಾಕ್ಟಿಕ್ ಆಮ್ಲ ರಕ್ತಕ್ಕೆ ಸೇರುತ್ತದೆ. ತೀವ್ರ ಮಲೇರಿಯಾ ರೋಗಿಗಳು ಜೋರಾಗಿ, ಆಳವಾಗಿ ಉಸಿರೆಳೆಯುವುದಕ್ಕೆ ಈ ಆಮ್ಲವೂ ಒಂದು ಕಾರಣ.

ಎರಡನೆಯದು, ಯಕೃತ್ತಿನ ಸುಸ್ತು. ನಾವು ಊಟ ಮಾಡದಿದ್ದಾಗ ಯಕೃತ್ತು ತನ್ನ ದಾಸ್ತಾನಿನಿಂದ ಗ್ಲೂಕೋಸ್ ಬಿಡುಗಡೆ ಮಾಡುತ್ತದೆ, ದಾಸ್ತಾನು ಮುಗಿದರೆ ಹೊಸದಾಗಿ ತಯಾರಿಸುತ್ತದೆ. ತೀವ್ರ ಮಲೇರಿಯಾದಲ್ಲಿ ಈ ತಯಾರಿಕೆ ಕುಂಠಿತವಾಗುತ್ತದೆ.

ಮೂರನೆಯದು, ಉಪವಾಸ. ಜ್ವರ, ವಾಂತಿ, ಬಾಯಿ ರುಚಿ ಇಲ್ಲದಿರುವುದರಿಂದ ರೋಗಿ ಊಟ ಬಿಡುತ್ತಾರೆ. 'ಜ್ವರಕ್ಕೆ ಲಂಘನವೇ ಮದ್ದು' ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಮಲೇರಿಯಾದಲ್ಲಿ ಈ ಮಾತು ನಡೆಯುವುದಿಲ್ಲ. ಜ್ವರದಿಂದ ದೇಹಕ್ಕೆ ಬೇಕಾದ ಶಕ್ತಿಯ ಪ್ರಮಾಣ ಹೆಚ್ಚಾಗಿರುವಾಗಲೇ ಆಹಾರ ನಿಂತುಬಿಟ್ಟರೆ ಸಕ್ಕರೆ ಬೇಗ ಕುಸಿಯುತ್ತದೆ.

ಚಿಕ್ಕ ಮಕ್ಕಳಲ್ಲಿ ಈ ದಾಸ್ತಾನೇ ಸಣ್ಣದು. 1988ರಲ್ಲಿ ಆಫ್ರಿಕಾದ ಮಲಾವಿ ದೇಶದ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಔಷಧ ಕೊಡುವ ಮೊದಲೇ ಹಲವು ಮಕ್ಕಳ ಸಕ್ಕರೆ ಅಂಶ ಕುಸಿದಿತ್ತು. ಅಂತಹ ಮಕ್ಕಳಲ್ಲಿ ಸಾವಿನ ಪ್ರಮಾಣವೂ ಹೆಚ್ಚಿತ್ತು.

ಕ್ವಿನೈನ್ ಏನು ಮಾಡುತ್ತದೆ?

ಸಿಂಕೋನಾ ಮರದ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದ್ದು 1820ರಲ್ಲಿ. ಆನಂತರ ತಲೆಮಾರುಗಳವರೆಗೆ ಮಲೇರಿಯಾ ಎಂದರೆ ಕ್ವಿನೈನ್ ಎನ್ನುವಂತಿತ್ತು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ತಲೆಸುತ್ತು, ವಾಕರಿಕೆ ಅದರ ಅಡ್ಡ ಪರಿಣಾಮಗಳು ಎಂಬುದು ವೈದ್ಯರಿಗೆ ಮೊದಲಿಂದಲೂ ಗೊತ್ತಿತ್ತು. ಆದರೆ ಸಕ್ಕರೆಯ ಮೇಲಿನ ಅದರ ಪರಿಣಾಮ ಸ್ಪಷ್ಟವಾಗಿ ಬೆಳಕಿಗೆ ಬಂದಿದ್ದು 1983ರಲ್ಲಿ.

ಆ ವರ್ಷ ನಿಕೋಲಸ್ ವೈಟ್ ಮತ್ತು ಸಂಗಡಿಗರು ಥಾಯ್ಲೆಂಡ್‌ನ ಫಾಲ್ಸಿಪಾರಂ ಮಲೇರಿಯಾ ರೋಗಿಗಳ ವಿವರವನ್ನು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟಿಸಿದರು. ಸಕ್ಕರೆ ತೀರಾ ಕುಸಿದಿದ್ದ ಈ ರೋಗಿಗಳ ಪೈಕಿ ಗರ್ಭಿಣಿಯರು ಹೆಚ್ಚಿದ್ದರು. ಸಕ್ಕರೆ ಇಳಿದಾಗ ದೇಹ ಇನ್ಸುಲಿನ್ ಬಿಡುಗಡೆಯನ್ನು ನಿಲ್ಲಿಸಬೇಕು. ಇವರಲ್ಲಿ ಇನ್ಸುಲಿನ್ ಇಳಿದಿರಲೇ ಇಲ್ಲ, ಇರಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಸುರಿಯುವಂತೆ ಮಾಡುತ್ತಿದ್ದುದು ಕ್ವಿನೈನ್.

ಇದು ನಡೆಯುವ ಬಗೆ ಹೀಗೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗಲು ಸಣ್ಣ ದಾರಿಗಳಿರುತ್ತವೆ. ಊಟದ ನಂತರ ರಕ್ತದಲ್ಲಿ ಸಕ್ಕರೆ ಏರಿದಾಗ ಈ ದಾರಿಗಳು ಮುಚ್ಚಿಕೊಂಡು ಇನ್ಸುಲಿನ್ ಹೊರಬರುತ್ತದೆ. ಸಕ್ಕರೆ ಏರದಿದ್ದರೂ ಕ್ವಿನೈನ್ ಈ ದಾರಿಗಳನ್ನು ಮುಚ್ಚಿಬಿಡುತ್ತದೆ. ಮಧುಮೇಹಕ್ಕೆ ಕೊಡುವ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲೈಬೆನ್‌ಕ್ಲಮೈಡ್ ಮಾತ್ರೆಗಳು ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ಹಾಗಾಗಿ ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಅಪಾಯ ಹೆಚ್ಚು.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಕ್ವಿನೈನ್‌ನಿಂದ ಸಕ್ಕರೆ ಇಳಿಯುವುದು ರೋಗ ಉಲ್ಬಣಿಸಿದಾಗಲೇ ಆಗಬೇಕೆಂದಿಲ್ಲ. ಚಿಕಿತ್ಸೆಯ ಮೊದಲ ದಿನ ಕಳೆದು ಜ್ವರ ಇಳಿದು, ರೋಗಿ ಚೇತರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಾಗಲೂ ಆಗಬಹುದು. ಗ್ಲೂಕೋಸ್ ಕೊಟ್ಟು ಸರಿಪಡಿಸಿದ ಮೇಲೆ ಮತ್ತೆ ಮರುಕಳಿಸಲೂಬಹುದು. ಔಷಧ ದೇಹದಲ್ಲಿರುವಷ್ಟು ಹೊತ್ತು ಇನ್ಸುಲಿನ್ ಬರುತ್ತಲೇ ಇರುತ್ತದೆ. ಕ್ವಿನೈನನ್ನು ನರಕ್ಕೆ ಒಮ್ಮೆಲೇ ಚುಚ್ಚದೆ, ಗ್ಲೂಕೋಸ್ ದ್ರಾವಣದಲ್ಲಿ ಬೆರೆಸಿ ಗಂಟೆಗಟ್ಟಲೆ ನಿಧಾನವಾಗಿ ಹನಿಸಲಾಗುತ್ತದೆ.

ಆರ್ಟೆಸುನೇಟ್ ಬಂದ ಮೇಲೆ ಬದಲಾಗಿದ್ದೇನು?

ಇಂದು ತೀವ್ರ ಮಲೇರಿಯಾಕ್ಕೆ ಮೊದಲ ಆಯ್ಕೆ ಕ್ವಿನೈನ್ ಅಲ್ಲ, ಆರ್ಟೆಸುನೇಟ್ ಇಂಜೆಕ್ಷನ್. ಈ ಬದಲಾವಣೆಗೆ ಕಾರಣವಾದ ಎರಡು ದೊಡ್ಡ ಅಧ್ಯಯನಗಳಿವೆ.

2005ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್ ಮತ್ತು ಇಂಡೋನೇಷ್ಯಾದ 1,461 ರೋಗಿಗಳಿದ್ದರು. ಕ್ವಿನೈನ್ ಪಡೆದವರಲ್ಲಿ ಶೇ.22ರಷ್ಟು ಮಂದಿ ಮೃತಪಟ್ಟರೆ, ಆರ್ಟೆಸುನೇಟ್ ಪಡೆದವರಲ್ಲಿ ಈ ಪ್ರಮಾಣ ಶೇ.15. ಚಿಕಿತ್ಸೆ ಶುರುವಾದ ಮೇಲೆ ಸಕ್ಕರೆ ಕುಸಿದ ಪ್ರಕರಣಗಳು ಕ್ವಿನೈನ್ ಗುಂಪಿನಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿದ್ದವು.

2010ರ ಎರಡನೇ ಅಧ್ಯಯನ ಆಫ್ರಿಕಾದ 9 ದೇಶಗಳ 5,425 ಮಕ್ಕಳ ಮೇಲೆ ನಡೆಯಿತು. ಸಾವಿನ ಪ್ರಮಾಣ ಕ್ವಿನೈನ್‌ನಲ್ಲಿ ಶೇ.10.9, ಆರ್ಟೆಸುನೇಟ್‌ನಲ್ಲಿ ಶೇ.8.5. ಸಕ್ಕರೆ ಕುಸಿತವೂ ಆರ್ಟೆಸುನೇಟ್ ಗುಂಪಿನಲ್ಲೇ ಕಡಿಮೆ. ಈ ಫಲಿತಾಂಶಗಳ ಆಧಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ವಯಸ್ಕರಿಗೆ, 2011ರಲ್ಲಿ ಮಕ್ಕಳಿಗೆ ಆರ್ಟೆಸುನೇಟನ್ನೇ ಶಿಫಾರಸು ಮಾಡಿತು.

ಹಾಗೆಂದು ಆರ್ಟೆಸುನೇಟ್ ಕೊಟ್ಟ ಮೇಲೆ ಶುಗರ್ ನೋಡುವುದೇ ಬೇಡ ಎಂದಲ್ಲ. ಈ ಔಷಧ ಇನ್ಸುಲಿನ್ ಹೆಚ್ಚಿಸುವುದಿಲ್ಲ ನಿಜ. ಆದರೆ ರೋಗದಿಂದಲೇ ಆಗುವ ಕುಸಿತ ಇದ್ದೇ ಇರುತ್ತದೆ.

ಯಾವ ಔಷಧ, ಏನು ಪರಿಣಾಮ?

* ಕ್ವಿನೈನ್: ಸಕ್ಕರೆ ಇಳಿಸುವ ಅಪಾಯ ಅತಿ ಹೆಚ್ಚು. ಗರ್ಭಿಣಿಯರಲ್ಲಿ ವಿಶೇಷ ಎಚ್ಚರಿಕೆ ಬೇಕು.
* ಕ್ಲೋರೊಕ್ವಿನ್: ವೈವಾಕ್ಸ್ ಮಲೇರಿಯಾಕ್ಕೆ 3 ದಿನ ಕೊಡುವ ಮಾತ್ರೆ. ಬಹುತೇಕರಿಗೆ ಸಕ್ಕರೆಯ ತೊಂದರೆ ಆಗುವುದಿಲ್ಲ. ಆದರೆ ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿಯಬಹುದು. ಇದರ ಹತ್ತಿರದ ಸಂಬಂಧಿಯಾದ ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ ಸಕ್ಕರೆ ಇಳಿಸುವ ಗುಣ ಇರುವುದರಿಂದಲೇ 2014ರಲ್ಲಿ ಭಾರತದಲ್ಲಿ ಅದನ್ನು ಟೈಪ್ 2 ಮಧುಮೇಹಕ್ಕೆ ಪೂರಕ ಔಷಧವಾಗಿ ಬಳಸಲು ಅನುಮತಿ ಸಿಕ್ಕಿತು.
* ಆರ್ಟೆಸುನೇಟ್, ಆರ್ಟೆಮೀಥರ್-ಲ್ಯೂಮೆಫ್ಯಾಂಟ್ರಿನ್: ಸಕ್ಕರೆಯ ಮೇಲೆ ನೇರ ಪರಿಣಾಮ ಅಷ್ಟಾಗಿ ಇಲ್ಲ. ಲ್ಯೂಮೆಫ್ಯಾಂಟ್ರಿನ್ ಇರುವ ಮಾತ್ರೆಯನ್ನು ಹಾಲು ಅಥವಾ ಕೊಬ್ಬಿನಂಶವಿರುವ ಆಹಾರದ ಜೊತೆ ತೆಗೆದುಕೊಂಡರೆ ಮಾತ್ರ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳುತ್ತದೆ.
* ಸಲ್ಫಾಡಾಕ್ಸಿನ್-ಪೈರಿಮೆಥಮಿನ್: ಇದರಲ್ಲಿರುವ ಸಲ್ಫಾ ಅಂಶದಿಂದ ಅಪರೂಪಕ್ಕೆ ಸಕ್ಕರೆ ಇಳಿಯಬಹುದು. ಇದಕ್ಕೊಂದು ಹಿನ್ನೆಲೆ ಇದೆ. 1942ರಲ್ಲಿ ಫ್ರಾನ್ಸ್‌ನ ಮಾಂಟ್‌ಪೆಲಿಯರ್‌ನಲ್ಲಿ ಟೈಫಾಯಿಡ್ ರೋಗಿಗಳಿಗೆ ಸಲ್ಫಾ ಔಷಧವೊಂದನ್ನು ಕೊಟ್ಟಾಗ ಅವರ ಸಕ್ಕರೆ ಕುಸಿಯಿತು. ಮಧುಮೇಹದ ಮಾತ್ರೆಗಳು ಹುಟ್ಟಿದ್ದೇ ಆ ಜಾಡು ಹಿಡಿದು.
* ಪ್ರೈಮಾಕ್ವಿನ್: ವೈವಾಕ್ಸ್ ಮರುಕಳಿಸದಂತೆ 14 ದಿನ ಕೊಡುವ ಮಾತ್ರೆ. ಸಕ್ಕರೆಗೆ ಸಂಬಂಧಿಸಿದ ದೊಡ್ಡ ತೊಂದರೆ ಇಲ್ಲ. ಜಿ6ಪಿಡಿ ಕಿಣ್ವದ ಕೊರತೆ ಇರುವವರಲ್ಲಿ ಮಾತ್ರ ರಕ್ತಕಣಗಳು ಒಡೆಯುವ ಅಪಾಯವಿದೆ.

ಗರ್ಭಿಣಿಯರಿಗೆ ಅಪಾಯ ಹೆಚ್ಚು

ಗರ್ಭಾವಸ್ಥೆಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳು ಮೊದಲೇ ಹೆಚ್ಚು ಚುರುಕಾಗಿರುತ್ತವೆ. ಹೊಟ್ಟೆಯಲ್ಲಿರುವ ಮಗುವೂ ತಾಯಿಯ ಸಕ್ಕರೆಯನ್ನೇ ಅವಲಂಬಿಸಿರುತ್ತದೆ. ಅದರ ಜೊತೆಗೆ ಮಲೇರಿಯಾ, ಅದರ ಮೇಲೆ ಕ್ವಿನೈನ್ ಸೇರಿದರೆ ಸಕ್ಕರೆ ಪದೇ ಪದೇ ಕುಸಿಯಬಹುದು. ಭಾರತದ 2013ರ ರಾಷ್ಟ್ರೀಯ ಔಷಧ ನೀತಿಯಲ್ಲಿ ಗರ್ಭದ ಮೊದಲ 3 ತಿಂಗಳಲ್ಲಿ ಫಾಲ್ಸಿಪಾರಂ ಮಲೇರಿಯಾಕ್ಕೆ ಕ್ವಿನೈನ್ ಸೂಚಿಸಲಾಗಿತ್ತು. 2022ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೊಡಕುಗಳಿಲ್ಲದ ಮಲೇರಿಯಾ ಇದ್ದರೆ ಮೊದಲ 3 ತಿಂಗಳಲ್ಲೂ ಆರ್ಟೆಮೀಥರ್-ಲ್ಯೂಮೆಫ್ಯಾಂಟ್ರಿನ್ ಕೊಡಬಹುದು ಎಂದು ಶಿಫಾರಸು ಮಾಡಿದೆ. ಯಾವ ಔಷಧ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಕ್ವಿನೈನ್ ಕೊಡುತ್ತಿದ್ದರೆ ಶುಗರ್ ಪರೀಕ್ಷೆ ಎಷ್ಟು ಹೊತ್ತಿಗೊಮ್ಮೆ ಎಂದು ಮನೆಯವರು ಕೇಳಿ ತಿಳಿದುಕೊಳ್ಳುವುದರಲ್ಲಿ ತಪ್ಪಿಲ್ಲ.

ಮಧುಮೇಹಿಗಳಿಗೆ ಎರಡೂ ಕಡೆಯಿಂದ ಪೆಟ್ಟು

ಸಕ್ಕರೆ ಕಾಯಿಲೆ ಇರುವವರಿಗೆ ಮಲೇರಿಯಾ ಬಂದಾಗ ಸಕ್ಕರೆ ಇಳಿಯುವುದಷ್ಟೇ ಅಲ್ಲ, ಏರಲೂಬಹುದು. ಜ್ವರದ ಒತ್ತಡಕ್ಕೆ ದೇಹದಲ್ಲಿ ಅಡ್ರಿನಾಲಿನ್, ಕಾರ್ಟಿಸಾಲ್ ಹಾರ್ಮೋನ್‌ಗಳು ಹೆಚ್ಚುತ್ತವೆ. ಇವು ಸಕ್ಕರೆಯನ್ನು ಮೇಲಕ್ಕೆ ತಳ್ಳುತ್ತವೆ. ಬೆಳಗ್ಗೆ 280 ಇದ್ದ ಶುಗರ್, ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದ್ದರಿಂದ ರಾತ್ರಿ ಹೊತ್ತಿಗೆ 60ಕ್ಕೆ ಬಂದು ನಿಲ್ಲುವುದು ಅಸಾಧ್ಯವೇನಲ್ಲ.

ಹೀಗಾಗಿ ಕೆಲವು ವಿಷಯ ಗಮನದಲ್ಲಿರಲಿ.

* ಮಲೇರಿಯಾ ಎಂದು ಗೊತ್ತಾದ ದಿನವೇ ನೀವು ತೆಗೆದುಕೊಳ್ಳುತ್ತಿರುವ ಶುಗರ್ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ. ಜ್ವರಕ್ಕೆ ಬೇರೆ ವೈದ್ಯರು, ಶುಗರ್‌ಗೆ ಬೇರೆ ವೈದ್ಯರು ಇದ್ದಾಗ ಈ ಮಾಹಿತಿ ತಪ್ಪಿಹೋಗುವುದು ಸುಲಭ.
* ಊಟ ಸೇರದಿದ್ದರೆ ಅಥವಾ ವಾಂತಿಯಾಗುತ್ತಿದ್ದರೆ ಗ್ಲಿಮೆಪಿರೈಡ್‌ನಂತಹ ಮಾತ್ರೆಯನ್ನು ಎಂದಿನ ಪ್ರಮಾಣದಲ್ಲಿ ನುಂಗುವ ಮೊದಲು ವೈದ್ಯರನ್ನು ಕೇಳಿ. ಮೆಟ್‌ಫಾರ್ಮಿನ್ ಹಾಗೂ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನೂ ತೀವ್ರ ಅನಾರೋಗ್ಯದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು.
* ಟೈಪ್ 1 ಮಧುಮೇಹಿಗಳು ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಪ್ರಮಾಣ ಬದಲಿಸುವುದು ವೈದ್ಯರ ಸಲಹೆಯಂತೆಯೇ ಆಗಬೇಕು.
* ದಿನಕ್ಕೊಮ್ಮೆ ನೋಡುತ್ತಿದ್ದ ಶುಗರನ್ನು ಜ್ವರದ ದಿನಗಳಲ್ಲಿ ಕನಿಷ್ಠ 4 ಬಾರಿ ನೋಡಿ. ಮಲಗುವ ಮುನ್ನ ತಪ್ಪಿಸಬೇಡಿ.

'ಇವರಿಗೆ ಶುಗರ್ ಇದೆ, ಗ್ಲೂಕೋಸ್ ಬಾಟಲಿ ಹಾಕಬೇಡಿ' ಎಂದು ಆಸ್ಪತ್ರೆಯಲ್ಲಿ ಮನೆಯವರು ತಡೆಯುವುದುಂಟು. ಸಕ್ಕರೆ ಕುಸಿದಾಗ ಮಧುಮೇಹಿಗೂ ಗ್ಲೂಕೋಸೇ ಔಷಧ. ಆನಂತರ ಸ್ವಲ್ಪ ಏರಿದರೆ ಇಳಿಸಬಹುದು. ಕುಸಿದಾಗ ಕೊಡದಿದ್ದರೆ ಆಗುವ ನಷ್ಟವನ್ನು ಸರಿಪಡಿಸಲು ಆಗದೇ ಇರಬಹುದು.

ಲಕ್ಷಣ ಗುರುತಿಸುವುದು ಹೇಗೆ?

ತಣ್ಣನೆಯ ಬೆವರು, ಕೈ ನಡುಕ, ಎದೆ ಡವಡವ, ವಿಪರೀತ ಹಸಿವು, ಕಣ್ಣು ಮಂಜಾಗುವುದು, ಸಿಡಿಮಿಡಿ, ತೊದಲು ಮಾತು, ಗೊಂದಲ. ಇನ್ನೂ ಇಳಿದರೆ ಫಿಟ್ಸ್, ಪ್ರಜ್ಞೆ ತಪ್ಪುವುದು. ರಕ್ತದೊತ್ತಡಕ್ಕೆ ಅಟೆನೊಲಾಲ್, ಪ್ರೊಪ್ರನಲಾಲ್ ತರಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಕಾಣಿಸದೇ ಇರಬಹುದು. ಹಾಲು ಕುಡಿಯುವ ಮಗುವಾದರೆ ಹಾಲು ಎಳೆಯುವುದನ್ನು ನಿಲ್ಲಿಸುತ್ತದೆ, ಎಬ್ಬಿಸಿದರೂ ಏಳುವುದಿಲ್ಲ.

ಗೊಂದಲ, ಫಿಟ್ಸ್, ಪ್ರಜ್ಞೆ ತಪ್ಪುವುದು ಮಲೇರಿಯಾ ಮೆದುಳಿಗೆ ಏರಿದಾಗಲೂ ಕಾಣಿಸುತ್ತವೆ. ಹೊರನೋಟಕ್ಕೆ ಎರಡನ್ನೂ ಬೇರೆ ಮಾಡಿ ಹೇಳಲಾಗದು. ಶುಗರ್ ಪರೀಕ್ಷೆಯೊಂದೇ ಅದಕ್ಕೆ ದಾರಿ. ಅದಕ್ಕಾಗಿಯೇ ಪ್ರಜ್ಞೆಯಿಲ್ಲದ ಮಲೇರಿಯಾ ರೋಗಿಗಳ ಶುಗರನ್ನು 4 ಗಂಟೆಗೊಮ್ಮೆ ನೋಡಬೇಕು ಎಂಬ ನಿಯಮವಿದೆ.

ಜ್ವರದ ಬೆವರಿಗೂ ಶುಗರ್ ಇಳಿದ ಬೆವರಿಗೂ ಒಂದು ವ್ಯತ್ಯಾಸ ಗಮನಿಸಿ. ಜ್ವರ ಬಿಟ್ಟು ಬೆವರಿದವರು ಸುಸ್ತಾಗಿದ್ದರೂ ಎಬ್ಬಿಸಿದರೆ ಏಳುತ್ತಾರೆ, ಸರಿಯಾಗಿ ಮಾತಾಡುತ್ತಾರೆ. ಹೆಸರು ಕರೆದಾಗ ತಡವರಿಸಿದರೆ, ಎಲ್ಲಿದ್ದೇನೆ ಎಂದು ಗೊತ್ತಾಗದಿದ್ದರೆ ಕಾಯಬೇಡಿ.

ತಕ್ಷಣ ಏನು ಮಾಡಬೇಕು?

* ಎಚ್ಚರವಿದ್ದು ನುಂಗಲು ಆಗುವುದಾದರೆ: ನೀರಿನಲ್ಲಿ 3 ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಕರಗಿಸಿ ಕುಡಿಸಿ. 15 ನಿಮಿಷದ ನಂತರ ಮತ್ತೆ ಶುಗರ್ ನೋಡಿ. 70 ದಾಟದಿದ್ದರೆ ಇನ್ನೊಮ್ಮೆ ಕೊಡಿ. ಆಮೇಲೆ ಗಂಜಿ, ಇಡ್ಲಿ, ಬಿಸ್ಕತ್ತು ಏನಾದರೂ ತಿನ್ನಿಸಿ.
* ಪ್ರಜ್ಞೆ ಇಲ್ಲದಿದ್ದರೆ: ಬಾಯಿಗೆ ನೀರು, ಹಾಲು, ಜ್ಯೂಸ್ ಹಾಕಬೇಡಿ. ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಮಗ್ಗುಲಿಗೆ ಮಲಗಿಸಿ 108 ಅಥವಾ 112ಕ್ಕೆ ಕರೆ ಮಾಡಿ.
* ಮಕ್ಕಳಲ್ಲಿ: ಡ್ರಿಪ್ ಹಾಕಲು ಸಾಧ್ಯವಿಲ್ಲದ ಕಡೆ, ಒಂದು ಟೀ ಚಮಚ ಸಕ್ಕರೆಗೆ ಒಂದೆರಡು ಹನಿ ನೀರು ಸೇರಿಸಿ ಮಗುವಿನ ನಾಲಿಗೆ ಕೆಳಗೆ ಇಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಇದು ಆಸ್ಪತ್ರೆ ತಲುಪುವವರೆಗಿನ ಉಪಾಯ ಮಾತ್ರ.
* ಗ್ಲೂಕೋಮೀಟರ್ ಇಲ್ಲದಿದ್ದರೆ: ಅನುಮಾನ ಬಂದರೆ ಸಕ್ಕರೆ ನೀರು ಕೊಟ್ಟೇ ಬಿಡಿ. ಪರೀಕ್ಷೆಗೆ ಕಾಯುತ್ತ ಕೂರಬೇಡಿ.

ಊರು ಬಿಟ್ಟು ರೂಮ್‌ನಲ್ಲೋ ಪಿಜಿಯಲ್ಲೋ ಒಬ್ಬರೇ ಇರುವವರು ಮಲೇರಿಯಾ ಇರುವಾಗ ಬಾಗಿಲಿಗೆ ಒಳಗಿಂದ ಬೀಗ ಹಾಕಿ ಮಲಗಬೇಡಿ. ರಾತ್ರಿ ಒಮ್ಮೆ ಎಬ್ಬಿಸಿ ಮಾತಾಡಿಸುವಂತೆ ಜೊತೆಗಿರುವವರಿಗೆ ಹೇಳಿ. ಆಸ್ಪತ್ರೆಯಲ್ಲಿ ಮರಾಠಿ, ತಮಿಳು ಬಾರದಿದ್ದರೂ ಚಿಂತೆಯಿಲ್ಲ, 'ಶುಗರ್ ಚೆಕ್' ಎಂದರೆ ಎಲ್ಲ ಊರಲ್ಲೂ ಅರ್ಥವಾಗುತ್ತದೆ.

ಗುಣವಾದ ಮೇಲೆ ಬರುವ ರಿಪೋರ್ಟ್ ನಂಬಬಹುದೇ?

ಎರಡು ಕಡೆ ಎಚ್ಚರ ಬೇಕು. ಮಲೇರಿಯಾದಲ್ಲಿ ರಕ್ತಹೀನತೆ ಸಾಮಾನ್ಯ. ರಕ್ತಹೀನತೆ ಹೆಚ್ಚಿದ್ದಾಗ ಬೆರಳಿನಿಂದ ನೋಡುವ ಗ್ಲೂಕೋಮೀಟರ್ ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಮೀಟರ್‌ನಲ್ಲಿ 75 ಇದ್ದರೂ ರೋಗಿ ಮಂಕಾಗಿದ್ದರೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಬೇಕು.

ಇನ್ನೊಂದು, 3 ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಈ ಪರೀಕ್ಷೆ ನಿಂತಿರುವುದೇ ಆ ಲೆಕ್ಕದ ಮೇಲೆ. ಮಲೇರಿಯಾದಲ್ಲಿ ಹಳೆಯ ರಕ್ತಕಣಗಳು ಒಡೆದು ಹೊಸವು ಬರುವುದರಿಂದ ಫಲಿತಾಂಶ ನಿಜಕ್ಕಿಂತ ಕಡಿಮೆ ಬರುತ್ತದೆ. ಆರ್ಟೆಸುನೇಟ್ ಇಂಜೆಕ್ಷನ್ ಪಡೆದ ಕೆಲವರಲ್ಲಿ ವಾರಗಳ ನಂತರವೂ ರಕ್ತಕಣ ಒಡೆಯುವುದುಂಟು. ಹಾಗಾಗಿ ಮಲೇರಿಯಾ ಬಂದುಹೋದ ಮೇಲೆ ಎಚ್‌ಬಿಎ1ಸಿ ಚೆನ್ನಾಗಿ ಬಂತೆಂದು ಶುಗರ್ ಮಾತ್ರೆ ಕಡಿಮೆ ಮಾಡಬೇಡಿ. ಸುಮಾರು 3 ತಿಂಗಳು ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಶುಗರನ್ನೇ ನೋಡುವುದು ಒಳ್ಳೆಯದು.

ಪದೇ ಪದೇ ಕೇಳುವ ಪ್ರಶ್ನೆಗಳು

ಶುಗರ್ ಇಳಿಯುತ್ತದೆಂದು ಮಲೇರಿಯಾ ಮಾತ್ರೆ ನಿಲ್ಲಿಸಬಹುದೇ?
ಬೇಡ. ಔಷಧ ಅರ್ಧಕ್ಕೆ ಬಿಟ್ಟರೆ ರೋಗಾಣು ಉಳಿದುಕೊಂಡು ಸಕ್ಕರೆಯನ್ನೂ ಇನ್ನಷ್ಟು ಕುಸಿಯುವಂತೆ ಮಾಡುತ್ತದೆ. ಔಷಧ ಬದಲಿಸುವ ತೀರ್ಮಾನ ವೈದ್ಯರದು.

ಔಷಧದಿಂದ ಶಾಶ್ವತವಾಗಿ ಸಕ್ಕರೆ ಕಾಯಿಲೆ ಬರುತ್ತದೆಯೇ?
ಇಲ್ಲ. ಕ್ವಿನೈನ್ ಪರಿಣಾಮ ಔಷಧ ದೇಹದಿಂದ ಹೋದ ಮೇಲೆ ನಿಲ್ಲುತ್ತದೆ. ಜ್ವರದ ವೇಳೆ ಏರಿದ ಸಕ್ಕರೆ ಗುಣವಾದ ಮೇಲೂ ಇಳಿಯದಿದ್ದರೆ, ಮೊದಲೇ ಇದ್ದ ಮಧುಮೇಹ ಈಗ ಪತ್ತೆಯಾಗಿರಬಹುದು. ಪರೀಕ್ಷಿಸಿಕೊಳ್ಳಿ.

ವೈವಾಕ್ಸ್ ಮಲೇರಿಯಾ ಇದ್ದರೆ ಭಯವಿಲ್ಲವೇ?
ಸಕ್ಕರೆ ಕುಸಿತ ಹೆಚ್ಚು ಕಾಣುವುದು ಫಾಲ್ಸಿಪಾರಂನಲ್ಲಿ. ಆದರೆ ವೈವಾಕ್ಸ್ ಕೂಡ ಕೆಲವೊಮ್ಮೆ ತೀವ್ರವಾಗಬಹುದು. ಮಧುಮೇಹಿಗಳು ಎರಡರಲ್ಲೂ ಎಚ್ಚರವಾಗಿರಬೇಕು.

ಮಲೇರಿಯಾ ಇಂದು ಗುಣವಾಗುವ ಕಾಯಿಲೆ. ಔಷಧಗಳೂ ಹಿಂದಿಗಿಂತ ಸುರಕ್ಷಿತ. ಮನೆಯಲ್ಲಿ ಮಲೇರಿಯಾ ರೋಗಿ ಇದ್ದಾಗ ಥರ್ಮಾಮೀಟರ್ ಪಕ್ಕದಲ್ಲಿ ಗ್ಲೂಕೋಮೀಟರನ್ನೂ ಇಟ್ಟುಕೊಳ್ಳಿ. ಬೆವರು ಒರೆಸುವಾಗ ಒಮ್ಮೆ ಹೆಸರು ಹಿಡಿದು ಕರೆದು ಮಾತಾಡಿಸಿ. ಉತ್ತರ ಸರಿಯಾಗಿ ಬಾರದಿದ್ದರೆ ಮೊದಲು ಶುಗರ್ ನೋಡಿ.

(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಔಷಧ ಆರಂಭಿಸುವ, ನಿಲ್ಲಿಸುವ ಅಥವಾ ಪ್ರಮಾಣ ಬದಲಿಸುವ ಮುನ್ನ ವೈದ್ಯರನ್ನು ಸಂಪರ್ಕಿಸಿ.)